ರಾಜಾಬಾಯಿ ಗೋಪುರದ ದಾನಿ: ಹತ್ತಿಯ ದೊರೆ ಪ್ರೇಮಚಂದ್ ರಾಯಚಂದ್

ಮುಂಬಯಿಯ ಓವಲ್ ಮೈದಾನದ ಅಂಚಿನಲ್ಲಿ, ವಿಶ್ವವಿದ್ಯಾಲಯದ ಗ್ರಂಥಾಲಯದ ಮೇಲೆ 280 ಅಡಿ ಎತ್ತರದ ಗಡಿಯಾರ ಗೋಪುರವೊಂದು ನಿಂತಿದೆ. ಇದರ ಹೆಸರು ರಾಜಾಬಾಯಿ ಗೋಪುರ. ರಾಜಾಬಾಯಿ ಯಾವ ಅರಸು ಮನೆತನಕ್ಕೂ ಸೇರಿದವರಲ್ಲ. ಅವರು ಸೂರತ್ ಮೂಲದ ಒಬ್ಬ ಜೈನ ಶ್ರಾವಕಿ. ತಾಯಿಯ ಹೆಸರನ್ನು ಕಲ್ಲಿನಲ್ಲಿ ಉಳಿಸಿದ ಮಗನೇ ಪ್ರೇಮಚಂದ್ ರಾಯಚಂದ್.

ಹತ್ತೊಂಬತ್ತನೇ ಶತಮಾನದ ಮುಂಬಯಿ ಪೇಟೆಯಲ್ಲಿ ಪ್ರೇಮಚಂದರಷ್ಟು ಎತ್ತರಕ್ಕೆ ಏರಿದವರು ಕಡಿಮೆ. ಅಷ್ಟೇ ಬೇಗ ಎಲ್ಲವನ್ನೂ ಕಳೆದುಕೊಂಡವರೂ ಕಡಿಮೆ. ಅವರನ್ನು ಹತ್ತಿಯ ದೊರೆ ಎಂದರು, ಷೇರು ಪೇಟೆಯ ಮೊದಲ ದೊರೆ ಎಂದರು. ಮುಂಬಯಿಯ ದೊಡ್ಡ ಬ್ಯಾಂಕೊಂದು ಮುಳುಗಲು ಕಾರಣರಾದವರಲ್ಲಿ ಒಬ್ಬರೆಂಬ ಆರೋಪವೂ ಅವರ ಮೇಲೆ ಬಂತು. ಷೇರಿನಲ್ಲಿ ಹಣ ತೊಡಗಿಸುವ ಕುಟುಂಬಗಳು ಇಂದು ಜೈನ ಸಮಾಜದಲ್ಲಿ ಬಹಳ ಇವೆ. ಬೆಳೆಯುವ ಕಂಪನಿ ಯಾವುದು, ಅದರ ಸುದ್ದಿ ಯಾವಾಗ ಬರುತ್ತದೆ, ಸುದ್ದಿಗೆ ಮೊದಲೇ ಕೊಳ್ಳಬೇಕೇ, ಬಂದ ಮೇಲೆ ಕೊಳ್ಳಬೇಕೇ ಎಂಬ ಮಾತು ಮನೆ ಮನೆಯಲ್ಲೂ ನಡೆಯುತ್ತದೆ. ಈ ಪ್ರಶ್ನೆಗಳು ಭಾರತದಲ್ಲಿ ಮೊದಲ ಬಾರಿಗೆ ದೊಡ್ಡದಾಗಿ ಎದ್ದದ್ದು ಪ್ರೇಮಚಂದರ ಕಾಲದಲ್ಲಿ. ಆದ್ದರಿಂದ ಅವರ ಜೀವನವನ್ನು ಏಳಿಗೆ, ಬೀಳುವಿಕೆ ಎರಡನ್ನೂ ಸೇರಿಸಿಯೇ ತಿಳಿಯಬೇಕು.

ಸೂರತ್‌ನಿಂದ ಮುಂಬಯಿಗೆ

ಪ್ರೇಮಚಂದರು ಹುಟ್ಟಿದ್ದು 1831ರ ಸುಮಾರಿಗೆ, ಗುಜರಾತಿನ ಸೂರತ್ ಪಟ್ಟಣದಲ್ಲಿ. ಮನೆತನ ಓಸ್ವಾಲ್ ಜೈನರದ್ದು, ಶ್ವೇತಾಂಬರ ಪರಂಪರೆಯದ್ದು. ತಂದೆ ರಾಯಚಂದ್ ದೀಪಚಂದ್ ಅವರು ವ್ಯಾಪಾರಿ. ಒಂದು ಕಾಲದಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ಬಂದರಾಗಿದ್ದ ಸೂರತ್ ಅಷ್ಟರಲ್ಲಿ ಕಳೆಗುಂದಿತ್ತು. ವ್ಯಾಪಾರವೆಲ್ಲ ಮುಂಬಯಿಗೆ ಸರಿದಿತ್ತು. ರಾಯಚಂದರೂ ಸಂಸಾರ ಸಮೇತ ಮುಂಬಯಿಗೆ ಬಂದು ನೆಲೆಸಿದರು.

ಮಗನನ್ನು ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಗೆ ಸೇರಿಸಿ ಇಂಗ್ಲಿಷ್ ಕಲಿಸಿದರು. ಆ ಕಾಲದ ವ್ಯಾಪಾರಿ ಮನೆಗಳಲ್ಲಿ ಮಕ್ಕಳಿಗೆ ಲೆಕ್ಕ, ಹುಂಡಿ, ಖಾತೆ ಪುಸ್ತಕ ತಿಳಿದರೆ ಸಾಕೆಂಬ ಭಾವನೆ ಇತ್ತು. ಇಂಗ್ಲಿಷ್ ಕಲಿತದ್ದು ಪ್ರೇಮಚಂದರ ಮೊದಲ ಬಂಡವಾಳವಾಯಿತು. 1850ರ ದಶಕದ ಆರಂಭದಲ್ಲಿ ಅವರು ಷೇರು ದಲ್ಲಾಳಿಯೊಬ್ಬರ ಕೈಕೆಳಗೆ ಕೆಲಸಕ್ಕೆ ನಿಂತರು. ಬ್ಯಾಂಕುಗಳೂ ದೊಡ್ಡ ಕೋಠಿಗಳೂ ಆಂಗ್ಲರ ಕೈಯಲ್ಲಿದ್ದವು. ಅವರೊಡನೆ ನೇರವಾಗಿ ಮಾತನಾಡಿ, ಪತ್ರ ಓದಿ, ಉತ್ತರ ಬರೆಯಬಲ್ಲ ಭಾರತೀಯ ದಲ್ಲಾಳಿ ಬೇರೆ ಇರಲಿಲ್ಲವೆಂದೇ ಹೇಳುತ್ತಾರೆ.

ಆಗ ಷೇರು ಪೇಟೆ ಎಂಬ ಕಟ್ಟಡವೇ ಇರಲಿಲ್ಲ. ಟೌನ್ ಹಾಲ್ ಎದುರಿನ ಆಲದ ಮರದ ನೆರಳಲ್ಲಿ ಕೆಲವು ದಲ್ಲಾಳಿಗಳು ಸೇರಿ ಬ್ಯಾಂಕ್ ಷೇರು, ಹತ್ತಿ ಒತ್ತುವ ಕಾರ್ಖಾನೆಗಳ ಷೇರುಗಳನ್ನು ಕೊಟ್ಟು ತೆಗೆದುಕೊಳ್ಳುತ್ತಿದ್ದರು. 1840ರ ದಶಕದಲ್ಲಿ ಬೆರಳೆಣಿಕೆಯಷ್ಟಿದ್ದ ದಲ್ಲಾಳಿಗಳು 1860ರ ಹೊತ್ತಿಗೆ ಸುಮಾರು 60 ಆದರು. ಅವರೆಲ್ಲರ ಮುಂದಾಳು ಎನಿಸಿಕೊಂಡಾಗ ಪ್ರೇಮಚಂದರಿಗೆ 30 ವರ್ಷವೂ ತುಂಬಿರಲಿಲ್ಲ.

ಹತ್ತಿಯ ಕಾಲ

1861ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಬರುತ್ತಿದ್ದದ್ದು ಅಮೆರಿಕದ ದಕ್ಷಿಣ ರಾಜ್ಯಗಳಿಂದ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಹತ್ತಿ ನಿಂತುಹೋಯಿತು. ಗಿರಣಿಗಳ ಕಣ್ಣು ಭಾರತದ ಕಡೆಗೆ ತಿರುಗಿತು.

ಹತ್ತಿಯ ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿತು. ಗುಜರಾತ್, ಖಾನದೇಶ, ವಿದರ್ಭಗಳಿಂದ ಹತ್ತಿ ಮುಂಬಯಿಗೆ ಹರಿದುಬಂತು. ಕನ್ನಡ ನಾಡಿಗೂ ಈ ಬಿಸಿ ತಟ್ಟಿತು. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಕಪ್ಪು ನೆಲದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿ ಸೇರುತ್ತಿತ್ತು. ಆ ಬಂದರಿನ ಹೆಸರಿನಿಂದಲೇ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಜಾತಿ ಹೆಸರಾಯಿತು. 1840ರ ದಶಕದಲ್ಲಿ ಅಮೆರಿಕದ ಬೀಜ ತಂದು ಬೆಳೆಸಿದ ಧಾರವಾಡ ಅಮೆರಿಕನ್ ಹತ್ತಿಗೂ ಈಗ ಬೇಡಿಕೆ ಬಂತು. ಈ ಸಾಗಾಟದ ನಡುವೆಯೇ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು.

ಮುಂಬಯಿಯಲ್ಲಿ ಹಾಸಿಗೆ, ದಿಂಬುಗಳನ್ನು ಬಿಚ್ಚಿ ಒಳಗಿನ ಹತ್ತಿಯನ್ನೂ ಮಾರಿದರೆಂಬ ಕಥೆ ಈಗಲೂ ಹೇಳುತ್ತಾರೆ. ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ವಾಡಿಕೆಯ ಬೆಲೆಗಿಂತ ಹೆಚ್ಚುವರಿಯಾಗಿ ಬಂದ ಹಣ 7 ಕೋಟಿ ಪೌಂಡು, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 70 ಕೋಟಿ ರೂಪಾಯಿ ಎಂದು ಅಂದಾಜು.

ಸುದ್ದಿಯ ಬೆಲೆ

ಆ ಕಾಲದಲ್ಲಿ ಹತ್ತಿ ವ್ಯಾಪಾರ ನಿಂತಿದ್ದದ್ದು ಸುದ್ದಿಯ ಮೇಲೆ. ಲಿವರ್‌ಪೂಲ್ ಪೇಟೆಯಲ್ಲಿ ಇಂದಿನ ಧಾರಣೆ ಎಷ್ಟು ಎಂಬುದು ಮುಂಬಯಿಗೆ ತಿಳಿಯಲು ವಾರಗಳೇ ಬೇಕಾಗುತ್ತಿತ್ತು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಟಪಾಲು ಹಡಗಿನಲ್ಲಿ ಅಲೆಕ್ಸಾಂಡ್ರಿಯಕ್ಕೆ ಬಂದು, ಈಜಿಪ್ಟನ್ನು ರೈಲಿನಲ್ಲಿ ದಾಟಿ, ಸುಯೆಜ್‌ನಲ್ಲಿ ಮತ್ತೊಂದು ಹಡಗು ಹತ್ತಿ ಮುಂಬಯಿಗೆ ಬರಬೇಕಿತ್ತು. ಯುರೋಪಿನಿಂದ ಭಾರತಕ್ಕೆ ನೇರ ತಂತಿ ಸಂಪರ್ಕ ಯುದ್ಧದ ಬಹುಕಾಲ ಇರಲಿಲ್ಲ.

ಹಡಗು ಬಂದರಿಗೆ ಬಂದು, ಟಪಾಲು ಚೀಲ ಇಳಿದು, ವಿಂಗಡಣೆಯಾಗಿ, ಪತ್ರ ಕೈಸೇರುವಷ್ಟರಲ್ಲಿ ಅರ್ಧ ದಿನವೇ ಕಳೆಯುತ್ತಿತ್ತು. ಎಲ್ಲ ವ್ಯಾಪಾರಿಗಳಿಗೂ ಒಂದೇ ಸಮಯಕ್ಕೆ ಸುದ್ದಿ. ಪ್ರೇಮಚಂದರು ಇಲ್ಲಿ ಬೇರೆ ದಾರಿ ಹಿಡಿದರೆಂದು ಮುಂಬಯಿಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಹಡಗು ಇನ್ನೂ ಹೊರಸಮುದ್ರದಲ್ಲಿರುವಾಗಲೇ ಅವರ ಸಣ್ಣ ದೋಣಿಗಳು ಅದನ್ನು ಎದುರುಗೊಂಡು, ಲಿವರ್‌ಪೂಲ್‌ನ ಧಾರಣೆ ತಿಳಿದು ದಡಕ್ಕೆ ಮರಳುತ್ತಿದ್ದವು. ಪೇಟೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಪ್ರೇಮಚಂದರ ಕೊಳ್ಳುವಿಕೆ ಅಥವಾ ಮಾರಾಟ ಮುಗಿದಿರುತ್ತಿತ್ತು.

ಇದರಲ್ಲಿ ಆಗಿನ ಕಾನೂನಿಗೆ ವಿರುದ್ಧವಾದದ್ದು ಏನೂ ಇರಲಿಲ್ಲ. ಧಾರಣೆ ಬಹಿರಂಗ ವಿಷಯ, ಅದನ್ನು ಬೇಗ ತಿಳಿಯಲು ಅವರು ಖರ್ಚು ಮಾಡಿದರು, ಶ್ರಮಪಟ್ಟರು. ಪೇಟೆಗೆ ಮಾತ್ರ ಅದರಿಂದ ಇನ್ನೊಂದು ಪಾಠ ಸಿಕ್ಕಿತು. ಪ್ರೇಮಚಂದರು ಕೊಂಡರೆ ಒಳ್ಳೆಯ ಸುದ್ದಿ ಇದೆ, ಮಾರಿದರೆ ಕೆಟ್ಟ ಸುದ್ದಿ ಇದೆ ಎಂದು ಜನ ತಿಳಿದರು. ಸುದ್ದಿಯನ್ನು ಬಿಟ್ಟು ಅವರ ಕೈಯನ್ನು ನೋಡತೊಡಗಿದರು. ಮುಂದೆ ಬಂದ ಅನಾಹುತದ ಬೀಜ ಇಲ್ಲಿತ್ತು.

ಕಂಪನಿಗಳ ಸುಗ್ಗಿ

ಹತ್ತಿಯಿಂದ ಬಂದ ಹಣಕ್ಕೆ ಹೋಗಲು ಜಾಗ ಬೇಕಾಯಿತು. ದಿನಕ್ಕೊಂದು ಹೊಸ ಕಂಪನಿ ಹುಟ್ಟಿತು. 1865ರ ಆರಂಭದಲ್ಲಿ ಮುಂಬಯಿಯಲ್ಲಿ 31 ಬ್ಯಾಂಕುಗಳು, 16 ಹಣಕಾಸು ಸಂಸ್ಥೆಗಳು, 8 ಭೂಮಿ ಕಂಪನಿಗಳು, 20 ವಿಮಾ ಕಂಪನಿಗಳು ಲೆಕ್ಕಕ್ಕೆ ಸಿಗುತ್ತಿದ್ದವು. ದಲ್ಲಾಳಿಗಳ ಸಂಖ್ಯೆ 200 ದಾಟಿತು. ಗುಮಾಸ್ತರು, ವೈದ್ಯರು, ವಕೀಲರು, ಸರ್ಕಾರಿ ಅಧಿಕಾರಿಗಳು ಎಲ್ಲರೂ ಷೇರು ಕೊಳ್ಳಲು ನಿಂತರು.

ಸಮುದ್ರವನ್ನು ಹಿಂದೆ ತಳ್ಳಿ ಹೊಸ ನೆಲ ಮಾಡುವ ಬ್ಯಾಕ್‌ಬೇ ರಿಕ್ಲಮೇಷನ್ ಕಂಪನಿ ಇವುಗಳಲ್ಲಿ ಅತಿ ಹೆಸರಾದದ್ದು. ಪ್ರೇಮಚಂದರು ಇದರ ಬೆನ್ನೆಲುಬಾಗಿದ್ದರು. ಏಷ್ಯಾಟಿಕ್ ಬ್ಯಾಂಕಿನಲ್ಲೂ ಅವರ ಕೈ ದೊಡ್ಡದು. ಮುಂಬಯಿ ಬೆಳೆಯುತ್ತಿತ್ತು, ರೈಲು ಬಂದಿತ್ತು, ಜಾಗ ಸಾಲದಾಗಿತ್ತು. ಆದ್ದರಿಂದ ಕಂಪನಿಯ ಉದ್ದೇಶ ಸುಳ್ಳಾಗಿರಲಿಲ್ಲ. ಬೆಲೆ ಮಾತ್ರ ಉದ್ದೇಶವನ್ನು ಮೀರಿ ಓಡಿತು. 5,000 ರೂಪಾಯಿ ಕಟ್ಟಿದ ಬ್ಯಾಕ್‌ಬೇ ಷೇರು 50,000 ರೂಪಾಯಿಯವರೆಗೆ ಹೋಯಿತು. ನೆಲ ಇನ್ನೂ ನೀರಿನೊಳಗೇ ಇತ್ತು.

ಈ ಪೇಟೆ ನಡೆದ ರೀತಿ ತಿಳಿಯುವುದು ಅಗತ್ಯ. ಹೊಸ ಕಂಪನಿ ಬರುತ್ತದೆಂಬ ಮಾತು ಹೊರಟ ಕೂಡಲೇ ಜನ ಹಂಚಿಕೆಗೆ ಮುಗಿಬೀಳುತ್ತಿದ್ದರು. ಯಾರಿಗೆ ಎಷ್ಟು ಷೇರು ಎಂಬುದನ್ನು ಕಂಪನಿ ಕಟ್ಟಿದವರು ನಿರ್ಧರಿಸುತ್ತಿದ್ದರು. ಹಂಚಿಕೆ ಸಿಕ್ಕವನು ಪೂರ್ತಿ ಹಣ ಕಟ್ಟುವ ಮೊದಲೇ ಅದನ್ನು ಲಾಭಕ್ಕೆ ಮಾರಬಹುದಿತ್ತು. ಹಾಗಾಗಿ ಬೈಕುಲ್ಲಾದ ಪ್ರೇಮಚಂದರ ಬಂಗಲೆಯ ಮುಂದೆ ಬೆಳಗಿನಿಂದಲೇ ಜನ ಸೇರುತ್ತಿದ್ದರು. ಅವರು ಒಂದು ಚೀಟಿ ಬರೆದುಕೊಟ್ಟರೆ ಅದು ಹಣಕ್ಕೆ ಸಮ. ದೊಡ್ಡ ಅಧಿಕಾರಿಗಳೂ ಆ ಚೀಟಿಗಾಗಿ ಕಾದರು.

ಷೇರಿನ ಹಣವನ್ನು ಕಂತುಗಳಲ್ಲಿ ಕಟ್ಟಬೇಕಿತ್ತು. ಮೊದಲ ಕಂತು ಕಟ್ಟಿದವನು ಮುಂದಿನ ಕಂತುಗಳಿಗೂ ಬದ್ಧ. ಬೆಲೆ ಏರುತ್ತಿದ್ದಾಗ ಇದು ಯಾರಿಗೂ ಭಾರವೆನಿಸಲಿಲ್ಲ, ಕಂತು ಬರುವ ಮೊದಲೇ ಮಾರಿದರಾಯಿತೆಂದು ಎಣಿಸಿದರು. ಇನ್ನೊಂದು ವಾಯಿದೆ ವ್ಯಾಪಾರ. ಇಂದು ಹಣ ಕೊಡದೆ, ಮುಂದಿನ ಒಂದು ದಿನಕ್ಕೆ ಇಂಥ ಬೆಲೆಗೆ ಷೇರು ಕೊಳ್ಳುತ್ತೇನೆಂದು ಕರಾರು ಮಾಡುವುದು. ಆ ದಿನಕ್ಕೆ ಬೆಲೆ ಏರಿದ್ದರೆ ವ್ಯತ್ಯಾಸವೇ ಲಾಭ. ಇಂಥ ಅನೇಕ ಕರಾರುಗಳು ಒಂದೇ ದಿನಕ್ಕೆ ಬಂದು ಸೇರಿದವು. ಆ ದಿನ 1865ರ ಜುಲೈ 1.

ಬ್ಯಾಂಕ್ ಆಫ್ ಬಾಂಬೆ

ಇಷ್ಟೆಲ್ಲಕ್ಕೂ ಸಾಲ ಕೊಡುವ ಒಂದು ಬಾಗಿಲು ಬೇಕಿತ್ತು. ಆ ಬಾಗಿಲು ಬ್ಯಾಂಕ್ ಆಫ್ ಬಾಂಬೆ. 1840ರಲ್ಲಿ ಆರಂಭವಾದ ಈ ಬ್ಯಾಂಕಿನಲ್ಲಿ ಸರ್ಕಾರದ ಪಾಲೂ ಇತ್ತು. ಷೇರುಗಳ ಅಡವಿನ ಮೇಲೆ ಸಾಲ ಕೊಡಬಾರದೆಂಬ ಕಟ್ಟುಪಾಡು ಮೊದಲು ಇತ್ತು. 1863ರ ಹೊಸ ಕಾಯಿದೆಯಲ್ಲಿ ಆ ಕಟ್ಟುಪಾಡು ಹೋಯಿತು. ಷೇರುಗಳ ಮೇಲೆ ಸಾಲ ಧಾರಾಳವಾಗಿ ಹೊರಟಿತು. ಆ ಸಾಲದಿಂದ ಮತ್ತೆ ಷೇರು ಕೊಂಡರು, ಆ ಷೇರಿನ ಮೇಲೆ ಮತ್ತೆ ಸಾಲ ತೆಗೆದರು.

ಬ್ಯಾಂಕಿನ ಅಧಿಕಾರಿಗಳ ಮೇಲೆ ಪ್ರೇಮಚಂದರ ಮಾತು ನಡೆಯುತ್ತಿತ್ತು. ಅವರಿಗೂ, ಅವರು ಹೇಳಿದವರಿಗೂ ಸಾಲ ಸುಲಭವಾಗಿ ಸಿಕ್ಕಿತು. ಬ್ಯಾಂಕಿನ ಸ್ವಂತ ಷೇರು, ಮೂಲಬೆಲೆ 500 ರೂಪಾಯಿಯದ್ದು, 2,850 ರೂಪಾಯಿಗೆ ಏರಿತು. ಏರಿದ ಬೆಲೆಯನ್ನೇ ಭದ್ರತೆ ಎಂದು ಎಲ್ಲರೂ ನಂಬಿದರು.

ಯುದ್ಧ ಮುಗಿಯಿತು

1865ರ ಏಪ್ರಿಲ್ 9ರಂದು ಅಮೆರಿಕದಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದರು. ಅಟ್ಲಾಂಟಿಕ್ ಸಮುದ್ರದಡಿಯ ತಂತಿ ಆಗ ಕೆಲಸ ಮಾಡುತ್ತಿರಲಿಲ್ಲ, ಅದು ಸರಿಹೋದದ್ದು 1866ರಲ್ಲಿ. ಸುದ್ದಿ ಹಡಗಿನಲ್ಲಿ ಇಂಗ್ಲೆಂಡ್ ಸೇರಿ ಅಲ್ಲಿಂದ ಭಾರತದ ಕಡೆಗೆ ಹೊರಟಿತು. ಅದೇ ವರ್ಷದ ಆರಂಭದಲ್ಲಿ ಪರ್ಷಿಯನ್ ಕೊಲ್ಲಿಯ ಮೂಲಕ ಯುರೋಪಿಗೂ ಭಾರತಕ್ಕೂ ತಂತಿ ಸಂಪರ್ಕ ಏರ್ಪಟ್ಟಿತ್ತು. ಸಮುದ್ರದಲ್ಲಿ ಹಡಗನ್ನು ಎದುರುಗೊಳ್ಳುತ್ತಿದ್ದ ದೋಣಿಗಳ ಕಾಲ ಮುಗಿಯುತ್ತ ಬಂದಿತ್ತು.

ಯುದ್ಧ ನಿಂತರೆ ಅಮೆರಿಕದ ಹತ್ತಿ ಮತ್ತೆ ಬರುತ್ತದೆ, ಮುಂಬಯಿಯ ಹತ್ತಿ ಬಿಸಿ ಇಳಿಯುತ್ತದೆ ಎಂಬುದು ಗುಟ್ಟಾಗಿರಲಿಲ್ಲ. ಯುದ್ಧ ಒಂದಲ್ಲ ಒಂದು ದಿನ ಮುಗಿಯುತ್ತದೆಂದು ಪೇಟೆಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆ ದಿನಕ್ಕೆ ಮೊದಲು ತಾನು ಹೊರಗೆ ಬರುತ್ತೇನೆಂದು ಪ್ರತಿಯೊಬ್ಬರೂ ಎಣಿಸಿದ್ದರು.

ಹತ್ತಿಯ ಧಾರಣೆ ಕುಸಿಯಿತು. ಷೇರುಗಳಿಗೆ ಕೊಳ್ಳುವವರೇ ಇಲ್ಲವಾದರು. ಜುಲೈ 1 ಬಂದಾಗ ವಾಯಿದೆ ಕರಾರು ಮಾಡಿದ ನೂರಾರು ಜನ ಹಣ ಕೊಡಲಾರದೆ ಹೋದರು. ಒಬ್ಬನು ಕೊಡದಿದ್ದರೆ ಅವನಿಂದ ಬರಬೇಕಾದವನೂ ಕೊಡಲಾರ. ಹೀಗೆ ಸರಪಳಿಯಂತೆ ಒಂದೊಂದೇ ಮನೆ ದಿವಾಳಿಯಾಯಿತು. ಬ್ಯಾಕ್‌ಬೇ ಷೇರು 2,000 ರೂಪಾಯಿಗಿಂತ ಕೆಳಗಿಳಿಯಿತು. ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಬಂತು. ಷೇರು ಬಿದ್ದರೂ ಕಟ್ಟಬೇಕಾದ ಕಂತುಗಳು ಹಾಗೆಯೇ ಉಳಿದಿದ್ದವು. ದಿವಾಳಿಯಾದವರ ಲೆಕ್ಕ ತೀರಿಸಲು ಸರ್ಕಾರ ಆ ವರ್ಷ ವಿಶೇಷ ಕಾಯಿದೆಯನ್ನೇ ತರಬೇಕಾಯಿತು. 1864ರಲ್ಲಿ 8,16,562 ಇದ್ದ ಮುಂಬಯಿಯ ಜನಸಂಖ್ಯೆ 1872ರ ಜನಗಣತಿಯಲ್ಲಿ 6,44,405 ಆಗಿತ್ತು.

ಎಲ್ಲರಿಗಿಂತ ಮೊದಲು ಸುದ್ದಿ ತಿಳಿಯುತ್ತಿದ್ದ ಪ್ರೇಮಚಂದರು ಈ ಸಲ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಹತ್ತಿಯ ದಲ್ಲಾಳಿಯಾಗಿದ್ದಾಗ ಅವರು ಹಗುರವಾಗಿದ್ದರು. ಬೆಳಿಗ್ಗೆ ಕೊಂಡದ್ದನ್ನು ಸಂಜೆ ಮಾರಬಹುದಿತ್ತು. 1865ರ ಹೊತ್ತಿಗೆ ಅವರೇ ಪೇಟೆಯ ಕಂಬವಾಗಿದ್ದರು. ಅಷ್ಟು ದೊಡ್ಡ ಪಾಲನ್ನು ಮಾರಲು ಹೊರಟರೆ ಕೊಳ್ಳುವಷ್ಟು ಶಕ್ತಿ ಯಾರಿಗೂ ಇರಲಿಲ್ಲ. ಅವರು ಮಾರುತ್ತಿದ್ದಾರೆಂಬ ಮಾತೇ ಕೆಟ್ಟ ಸುದ್ದಿಯಾಗುತ್ತಿತ್ತು. ಮೊದಲು ತಿಳಿಯುವುದು ಬೇರೆ, ತಿಳಿದ ಮೇಲೆ ಹೊರಬರಲು ದಾರಿ ಇರುವುದು ಬೇರೆ.

ಬೀಳುವಿಕೆ ಮತ್ತು ವಿಚಾರಣೆ

1866ರಲ್ಲಿ ಪ್ರೇಮಚಂದರ ವ್ಯವಹಾರ ಮುಳುಗಿತು. ಆಸ್ತಿಯನ್ನು ಸಾಲಗಾರರಿಗಾಗಿ ಒಪ್ಪಿಸಬೇಕಾಯಿತು. ಕೆಲವು ವರ್ಷಗಳ ಹಿಂದೆ ಚೀಟಿಗಾಗಿ ಜನ ನಿಂತಿದ್ದ ಮನೆಯ ಬಾಗಿಲಿಗೆ ಈಗ ಬಾಕಿ ಕೇಳುವವರು ಬಂದರು.

ಬ್ಯಾಂಕ್ ಆಫ್ ಬಾಂಬೆ ಕೂಡ ಉಳಿಯಲಿಲ್ಲ. ಅದರ ಬಂಡವಾಳ ಬಹುಪಾಲು ಕರಗಿ, 1868ರಲ್ಲಿ ಹಳೆಯ ಬ್ಯಾಂಕ್ ಮುಚ್ಚಿ ಅದೇ ಹೆಸರಿನ ಹೊಸ ಬ್ಯಾಂಕ್ ತೆರೆಯಿತು. ಈ ಹೊಸ ಬ್ಯಾಂಕ್ 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿತು. ಇಂಪೀರಿಯಲ್ ಬ್ಯಾಂಕೇ 1955ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು.

ಹಳೆಯ ಬ್ಯಾಂಕ್ ಮುಳುಗಿದ್ದು ಹೇಗೆಂದು ತಿಳಿಯಲು ಸರ್ ಚಾರ್ಲ್ಸ್ ಜಾಕ್ಸನ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ಕುಳಿತಿತು. ಕಟ್ಟುಪಾಡು ತೆಗೆದ 1863ರ ಕಾಯಿದೆ, ಅಧಿಕಾರ ದುರ್ಬಳಕೆ ಮಾಡಿದ ಕಾರ್ಯದರ್ಶಿಗಳು, ಕಣ್ಣುಮುಚ್ಚಿ ಕುಳಿತ ನಿರ್ದೇಶಕರು, ಆ ಕಾಲದ ಹುಚ್ಚು ಎಲ್ಲವನ್ನೂ ಆಯೋಗ ಕಾರಣವಾಗಿ ಕಂಡಿತು. ಬ್ಯಾಂಕಿನ ಮೇಲೆ ಪ್ರೇಮಚಂದರಿಗಿದ್ದ ಪ್ರಭಾವವೂ ಅಲ್ಲಿ ಬೆಳಕಿಗೆ ಬಂತು. ಅವರೊಬ್ಬರೇ ತಪ್ಪಿತಸ್ಥರಲ್ಲ. ಆದರೆ ಅವರ ಹೆಸರನ್ನು ನಂಬಿ ಹಣ ಹಾಕಿದ ಸಣ್ಣ ಕುಟುಂಬಗಳು ಬೀದಿಗೆ ಬಂದದ್ದು ನಿಜ. ಅವರ ಜೀವನ ಬರೆಯುವಾಗ ಈ ಭಾಗವನ್ನು ಬಿಟ್ಟರೆ ಉಳಿದದ್ದಕ್ಕೂ ಬೆಲೆ ಇರುವುದಿಲ್ಲ.

ಉಳಿದದ್ದು ದಾನ

ಪ್ರೇಮಚಂದರು ಸಂಪತ್ತಿನ ಶಿಖರದಲ್ಲಿದ್ದಾಗಲೇ ಧಾರಾಳವಾಗಿ ದಾನ ಮಾಡಿದ್ದರು. ಅದರಲ್ಲಿ ಹೆಚ್ಚಿನದು ವಿದ್ಯೆಗೆ. ಜೈನ ಪರಂಪರೆಯಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಹೇಳುವರು. ಪ್ರೇಮಚಂದರ ಕೈ ಹೆಚ್ಚು ಹರಿದದ್ದು ಶಾಸ್ತ್ರದಾನದ, ಅಂದರೆ ಜ್ಞಾನದಾನದ ಕಡೆಗೆ.

1864ರಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯ ಕಟ್ಟಲು 2 ಲಕ್ಷ ರೂಪಾಯಿ ಕೊಟ್ಟರು. ಅದೇ ವರ್ಷ ಗಡಿಯಾರ ಗೋಪುರಕ್ಕೆಂದು ಇನ್ನೂ 2 ಲಕ್ಷ ಕೊಟ್ಟರು. ಗೋಪುರಕ್ಕೆ ತಾಯಿ ರಾಜಾಬಾಯಿಯವರ ಹೆಸರಿಡಬೇಕೆಂಬುದು ಅವರ ಬಯಕೆ. ರಾಜಾಬಾಯಿಯವರಿಗೆ ಕಣ್ಣು ಕಾಣುತ್ತಿರಲಿಲ್ಲ, ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ನಿಯಮವನ್ನು ಅವರು ತಪ್ಪದೆ ಪಾಲಿಸುತ್ತಿದ್ದರು, ಯಾರನ್ನೂ ಕೇಳದೆ ಗಂಟೆಯ ಸದ್ದಿನಿಂದಲೇ ಅವರಿಗೆ ಹೊತ್ತು ತಿಳಿಯಲೆಂದು ಮಗ ಈ ಗೋಪುರ ಕಟ್ಟಿಸಿದರು ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ರಾತ್ರಿಭೋಜನ ತ್ಯಾಗ ಮಾಡಿದ ಯಾವ ಮನೆಯವರಿಗೂ ಈ ಕಥೆ ಮನಸ್ಸಿಗೆ ಹತ್ತಿರವಾಗುತ್ತದೆ.

ಕಟ್ಟಡದ ನಕ್ಷೆ ಮಾಡಿದವರು ಇಂಗ್ಲೆಂಡಿನ ವಾಸ್ತುಶಿಲ್ಪಿ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್. 1869ರ ಮಾರ್ಚ್ 1ರಂದು ಅಡಿಗಲ್ಲು ಇಟ್ಟು, 1878ರ ನವೆಂಬರ್‌ನಲ್ಲಿ ಕೆಲಸ ಮುಗಿಯಿತು. ಒಟ್ಟು ಖರ್ಚು ಸುಮಾರು 5.5 ಲಕ್ಷ ರೂಪಾಯಿ. ಇಲ್ಲಿ ವರ್ಷಗಳನ್ನು ಗಮನಿಸಬೇಕು. ಅಡಿಗಲ್ಲು ಬೀಳುವ ಹೊತ್ತಿಗೆ ದಾನಿ ದಿವಾಳಿಯಾಗಿ ಮೂರು ವರ್ಷಗಳಾಗಿದ್ದವು. ಮಾತು ಕೊಟ್ಟು ಮುಂದೆ ನೋಡೋಣ ಎಂದಿದ್ದರೆ ಗೋಪುರ ಏಳುತ್ತಿರಲಿಲ್ಲ. ಹಣ ಮೊದಲೇ ವಿಶ್ವವಿದ್ಯಾಲಯದ ಕೈಸೇರಿತ್ತು. ಕುಸಿತ ಅದನ್ನು ಮುಟ್ಟಲಾಗಲಿಲ್ಲ.

1866ರಲ್ಲಿ, ಪೇಟೆ ಬಿದ್ದ ಮರುವರ್ಷ, ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ 2 ಲಕ್ಷ ರೂಪಾಯಿ ಕೊಟ್ಟರು. ಅದರ ಬಡ್ಡಿಯಿಂದ ಪ್ರೇಮಚಂದ್ ರಾಯಚಂದ್ ವಿದ್ಯಾರ್ಥಿವೇತನ ಆರಂಭವಾಯಿತು. ಬಂಗಾಳದಲ್ಲಿ ಇದನ್ನು ಪಡೆಯುವುದು ದೊಡ್ಡ ಗೌರವವೆನಿಸಿತು. ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದ ಸರ್ ಆಶುತೋಷ್ ಮುಖರ್ಜಿ, ಇತಿಹಾಸಕಾರ ಸರ್ ಜದುನಾಥ್ ಸರ್ಕಾರ್ ಇದನ್ನು ಪಡೆದವರು. ಗುಜರಾತಿ ವ್ಯಾಪಾರಿಯ ಹೆಸರನ್ನು ಬಂಗಾಳಿ ವಿದ್ವಾಂಸರು ತಮ್ಮ ಹೆಸರಿನ ಮುಂದೆ ಪಿ.ಆರ್.ಎಸ್. ಎಂಬ ಅಕ್ಷರಗಳಾಗಿ ಬರೆದುಕೊಂಡರು.

ಅಹಮದಾಬಾದಿನಲ್ಲಿ ಶಿಕ್ಷಕರನ್ನು ತಯಾರು ಮಾಡುವ ತರಬೇತಿ ಕಾಲೇಜು ಅವರ ಹೆಸರಿನಲ್ಲಿ ನಡೆಯಿತು. ಹುಟ್ಟೂರು ಸೂರತ್‌ನಲ್ಲಿ ತಂದೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ನೆರವಾದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಹಲವರು ಹಿಂಜರಿಯುತ್ತಿದ್ದ ಕಾಲದಲ್ಲಿ ನಡೆದ ಕೆಲಸವಿದು. ದಾನ ಕೊಡುವಾಗ ಅವರು ಜಾತಿ, ಪಂಥ, ಪ್ರಾಂತ ನೋಡಲಿಲ್ಲ.

ಮತ್ತೆ ದಲ್ಲಾಳಿ

ದಿವಾಳಿಯಾದ ಮೇಲೆ ಪ್ರೇಮಚಂದರು ಊರು ಬಿಡಲಿಲ್ಲ. ಮೂವತ್ತೈದರ ಆಸುಪಾಸಿನ ವಯಸ್ಸು. ತಾವು ಮೊದಲು ಕಲಿತ ಕೆಲಸಕ್ಕೇ ಮರಳಿದರು. ಹತ್ತಿ ಮತ್ತು ಷೇರಿನ ದಲ್ಲಾಳಿಯಾಗಿ ಮತ್ತೆ ಪೇಟೆಯಲ್ಲಿ ನಿಂತು, ನಿಧಾನವಾಗಿ ಚೇತರಿಸಿಕೊಂಡರು. ಹಿಂದಿನ ವೈಭವ ಬರಲಿಲ್ಲ. ಪೇಟೆಯ ವಿಶ್ವಾಸ ಮಾತ್ರ ಮರಳಿ ಬಂತು.

1865ರ ಕುಸಿತ ದಲ್ಲಾಳಿಗಳಿಗೂ ಪಾಠ ಕಲಿಸಿತ್ತು. ಯಾರು ಯಾರೊಡನೆ ವ್ಯವಹರಿಸಬಹುದು, ಕರಾರು ತಪ್ಪಿದರೆ ಏನು ಮಾಡಬೇಕು ಎಂಬುದಕ್ಕೆ ನಿಯಮಗಳಿರಲಿಲ್ಲ. 1875ರ ಜುಲೈ 9ರಂದು ಮುಂಬಯಿಯ ದಲ್ಲಾಳಿಗಳು ಸೇರಿ ನೇಟಿವ್ ಷೇರ್ ಅಂಡ್ ಸ್ಟಾಕ್ ಬ್ರೋಕರ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದರು. 318 ಸದಸ್ಯರು, ಪ್ರವೇಶ ಶುಲ್ಕ ಒಂದು ರೂಪಾಯಿ. ಇದನ್ನು ಸ್ಥಾಪಿಸಿದವರಲ್ಲಿ ಪ್ರೇಮಚಂದರು ಪ್ರಮುಖರು. ದಲಾಲ್ ಸ್ಟ್ರೀಟಿನ ಈ ಸಂಘವೇ ಮುಂದೆ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ ಆಯಿತು. ಏಷ್ಯಾದ ಅತಿ ಹಳೆಯ ಷೇರು ವಿನಿಮಯ ಕೇಂದ್ರವೆಂದು ಇದಕ್ಕೆ ಹೆಸರು. ಪೇಟೆಯನ್ನು ಹುಚ್ಚೆಬ್ಬಿಸಿದ ಕಾಲದಲ್ಲಿ ಮುಂಚೂಣಿಯಲ್ಲಿದ್ದವರೇ ಅದಕ್ಕೊಂದು ಸಂಘ ಕಟ್ಟುವಲ್ಲೂ ಕೈಜೋಡಿಸಿದರು.

ಪ್ರೇಮಚಂದರು 1906ರಲ್ಲಿ ನಿಧನರಾದರು. ಜನ ಚೀಟಿಗಾಗಿ ಕಾದ ಬೈಕುಲ್ಲಾದ ಬಂಗಲೆ ಮುಂದೆ ಬೇರೆಯವರ ಕೈಸೇರಿ ಹೆಣ್ಣುಮಕ್ಕಳ ಕಾನ್ವೆಂಟ್ ಆಯಿತು.

ಇಂದಿನ ಮನೆಗಳಿಗೆ

ಇಂದು ದೋಣಿ ಕಳಿಸುವ ಅಗತ್ಯವಿಲ್ಲ. ಷೇರು ಪೇಟೆಯಲ್ಲಿ ನೋಂದಾಯಿತ ಕಂಪನಿ ತನ್ನ ನಿರ್ದೇಶಕರ ಸಭೆಯಲ್ಲಿ ತ್ರೈಮಾಸಿಕ ಫಲಿತಾಂಶ ಒಪ್ಪಿದ ಕೂಡಲೇ ಅದನ್ನು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಅದು ಎಲ್ಲರಿಗೂ ಒಟ್ಟಿಗೇ ಸಿಗುತ್ತದೆ. ಒಳಗಿನ ಸುದ್ದಿ ಬಲ್ಲವರು ಅದನ್ನು ಬಳಸಿ ಷೇರು ಕೊಳ್ಳುವುದು, ಮಾರುವುದು ಸೆಬಿ ನಿಯಮದಂತೆ ಅಪರಾಧ. 1992ರಿಂದ ಈ ನಿಯಮವಿದೆ, 2015ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಕಂಪನಿಯ ಒಳಗಿನವರು ಅದರ ಷೇರು ಮುಟ್ಟುವಂತಿಲ್ಲ. ಬಂಧುವೊಬ್ಬರು ಕಂಪನಿಯಲ್ಲಿದ್ದು ಮನೆಯ ಪಂಕ್ತಿಯಲ್ಲಿ ಹೇಳಿದ ಮಾತೂ ಈ ನಿಯಮದೊಳಗೆ ಬರುತ್ತದೆಂಬುದನ್ನು ಕುಟುಂಬಗಳು ನೆನಪಿಡಬೇಕು.

ನಿಯಮಗಳು ಬದಲಾದರೂ 1865ರ ತಪ್ಪುಗಳು ಈಗಲೂ ಮನೆಗಳಲ್ಲಿ ನಡೆಯುತ್ತವೆ. ಕಂಪನಿಯ ಲೆಕ್ಕ ನೋಡದೆ ಯಾರೋ ದೊಡ್ಡವರು ಕೊಂಡರೆಂದು ಕೊಳ್ಳುವುದು, ಸಾಲ ಮಾಡಿ ಷೇರು ಹಿಡಿಯುವುದು, ಬೆಳೆಯುವ ಉದ್ಯಮ ಎಂಬ ಒಂದೇ ಕಾರಣಕ್ಕೆ ಯಾವ ಬೆಲೆಯಾದರೂ ಸರಿ ಎನ್ನುವುದು, ಕೆಟ್ಟ ಸುದ್ದಿ ಬರುವ ಮುಂಚೆ ತಾನು ಹೊರಗಿರುತ್ತೇನೆಂದು ನಂಬುವುದು. ಬ್ಯಾಕ್‌ಬೇ ಕಂಪನಿಯ ಉದ್ದೇಶ ಸರಿಯೇ ಇತ್ತು, ಮುಂಬಯಿ ಸಮುದ್ರವನ್ನು ತುಂಬಿ ಬೆಳೆಯಿತು ಕೂಡ. ಆದರೂ 50,000 ರೂಪಾಯಿ ಕೊಟ್ಟು ಕೊಂಡವನಿಗೆ ಆ ಬೆಳವಣಿಗೆ ಉಪಯೋಗಕ್ಕೆ ಬರಲಿಲ್ಲ.

ಶ್ರಾವಕರ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣ ಒಂದು. ಇಷ್ಟು ಸಾಕು ಎಂಬ ಗೆರೆಯನ್ನು ಸಂಪತ್ತು ಬರುವ ಮೊದಲೇ ಎಳೆದುಕೊಳ್ಳುವ ವ್ರತವಿದು. ಬಂದ ಮೇಲೆ ಎಳೆಯಲು ಹೋದರೆ ಗೆರೆ ಮುಂದೆ ಮುಂದೆ ಸರಿಯುತ್ತದೆ. ಪ್ರೇಮಚಂದರು ಪೇಟೆಯಲ್ಲಿ ಆ ಗೆರೆ ಎಳೆಯಲಿಲ್ಲ, ಅದರ ಫಲ ಅವರೂ ಉಂಡರು, ನಂಬಿದವರೂ ಉಂಡರು. ದಾನದಲ್ಲಿ ಮಾತ್ರ ಅವರು ನಾಳೆಗೆಂದು ಕಾಯಲಿಲ್ಲ. ಹಿಡಿದಿಟ್ಟುಕೊಂಡದ್ದೆಲ್ಲ ಒಂದೇ ವರ್ಷದಲ್ಲಿ ಹೋಯಿತು, ಕೊಟ್ಟದ್ದು ಉಳಿಯಿತು.

ಮುಂಬಯಿಗೆ ಹೋದವರು ಓವಲ್ ಮೈದಾನದ ಕಡೆ ನಡೆದರೆ ಆ ಗೋಪುರ ಕಾಣುತ್ತದೆ. 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮುಂಬಯಿಯ ಕಟ್ಟಡಗಳ ಸಾಲಿನಲ್ಲಿ ಅದೂ ಇದೆ. ಮೇಲೆ ಗಡಿಯಾರ, ಕೆಳಗೆ ವಿದ್ಯಾರ್ಥಿಗಳು ಓದುವ ಗ್ರಂಥಾಲಯ. ಕಣ್ಣು ಕಾಣದ ತಾಯಿಯೊಬ್ಬರಿಗೆ ಹೊತ್ತು ತಿಳಿಯಲೆಂದು ಎದ್ದ ಗೋಪುರವೆಂದು ಜನ ಅದನ್ನು ಇಂದಿಗೂ ನೆನೆಯುತ್ತಾರೆ.